ಬಿಟ್ಟುಹೋಗುವ ಮಾತು ಕೊಟ್ಟ ಅಂಟು

ಅಂಟುವ ಟೇಪನ್ನು ಮನೆಮನೆಗೆ ತಲುಪಿಸಿದವನು ಒಬ್ಬ ಬ್ಯಾಂಜೊ ವಾದಕ. ರಿಚರ್ಡ್ ಡ್ರೂ ಅಮೆರಿಕದ ಮಿನೆಸೋಟಾದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾಗ, ಖರ್ಚಿಗೆಂದು ರಾತ್ರಿ ಹೊತ್ತು ನೃತ್ಯಕೂಟಗಳ ವಾದ್ಯಮೇಳದಲ್ಲಿ ಬ್ಯಾಂಜೊ ನುಡಿಸುತ್ತಿದ್ದ. ಓದು ಅರ್ಧಕ್ಕೇ ನಿಂತಿತು. 1921ರಲ್ಲಿ ಸೇಂಟ್ ಪಾಲ್ ನಗರದ ತ್ರೀಎಂ ಕಂಪನಿಗೆ ಪ್ರಯೋಗಾಲಯದ ಸಹಾಯಕನಾಗಿ ಸೇರಿದ. ಆಗ ಆ ಕಂಪನಿಯ ಮುಖ್ಯ ಸರಕು ಸ್ಯಾಂಡ್‌ಪೇಪರ್. ಅದರ ಹೊಸ ಮಾದರಿ ಹಿಡಿದು ಕಾರಿಗೆ ಬಣ್ಣ ಹೊಡೆಯುವ ಗ್ಯಾರೇಜಿಗೆ ಹೋದಾಗ, ಅಲ್ಲಿನ ಕೆಲಸಗಾರರು ಸಿಟ್ಟಿನಲ್ಲಿ ಬಾಯಿಗೆ ಬಂದಂತೆ ಬಯ್ಯುತ್ತಿದ್ದದ್ದು ಆತನ ಕಿವಿಗೆ ಬಿತ್ತು. ಅದು ಎರಡು ಬಣ್ಣದ ಕಾರುಗಳ ಕಾಲ. ಒಂದು ಬಣ್ಣದ ಮೇಲೆ ಕಾಗದ ಅಂಟಿಸಿ ಮುಚ್ಚಿ, ಪಕ್ಕಕ್ಕೆ ಇನ್ನೊಂದು ಬಣ್ಣ ಹೊಡೆಯಬೇಕಿತ್ತು. ಆಮೇಲೆ ಕಾಗದ ಕಿತ್ತರೆ ಅದರ ಜೊತೆಗೇ ಹೊಸ ಬಣ್ಣವೂ ಎದ್ದು ಬರುತ್ತಿತ್ತು.

ಡ್ರೂ ಇದಕ್ಕೆ ಪರಿಹಾರ ಹುಡುಕತೊಡಗಿದ. ಇದನ್ನು ಬಿಟ್ಟು ಸ್ಯಾಂಡ್‌ಪೇಪರಿನ ಕೆಲಸಕ್ಕೆ ಮರಳುವಂತೆ ಕಂಪನಿಯ ಹಿರಿಯ ವಿಲಿಯಂ ಮೆಕ್‌ನೈಟ್ ಹೇಳಿದರೂ ಪ್ರಯತ್ನ ಬಿಡಲಿಲ್ಲ. 1925ರಲ್ಲಿ ಮಾಸ್ಕಿಂಗ್ ಟೇಪ್ ಬಂತು. ಸುಕ್ಕುಗಟ್ಟಿಸಿದ ಕಾಗದ, ಅದಕ್ಕೆ ಬಡಗಿಗಳು ಬಳಸುವ ಅಂಟಿಗೆ ಗ್ಲಿಸರಿನ್ ಬೆರೆಸಿದ ಲೇಪ. ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಆ ಗ್ಯಾರೇಜಿನವರಿಗೆ ಬೇಕಿದ್ದದ್ದು ಗಟ್ಟಿಯಾಗಿ ಅಂಟುವ ಅಂಟಲ್ಲ, ಅದು ಅವರ ಬಳಿ ಮೊದಲೇ ಇತ್ತು. ಬೇಕಿದ್ದದ್ದು ಕೆಲಸ ಮುಗಿದ ಮೇಲೆ ಕುರುಹು ಉಳಿಸದೆ ಬಿಟ್ಟುಹೋಗುವ ಅಂಟು. ಟೇಪು ಹುಟ್ಟಿದ್ದೇ ಆ ಮಾತು ಕೊಟ್ಟು.

ಹತ್ತು ವರ್ಷದ ಬಳಿಕ ಅದೇ ಮಾತನ್ನು ಇನ್ನೊಬ್ಬ ಕೊಟ್ಟ. 1935ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಸ್ಟಾಂಟನ್ ಏವರಿ ಎಂಬ ಯುವಕ, ಮದುವೆಯಾಗಲಿದ್ದ ಹುಡುಗಿಯಿಂದ 100 ಡಾಲರ್ ಸಾಲ ತೆಗೆದುಕೊಂಡು, ಹಳೆಯ ಮೋಟಾರು ಮತ್ತು ಹೊಲಿಗೆ ಯಂತ್ರದ ಬಿಡಿಭಾಗಗಳನ್ನು ಜೋಡಿಸಿ, ತಾನೇ ಅಂಟಿಕೊಳ್ಳುವ ಬೆಲೆಚೀಟಿಗಳನ್ನು ಮಾಡುವ ಯಂತ್ರ ಕಟ್ಟಿದ. ಕಂಪನಿಗೆ ‘ಕಮ್ ಕ್ಲೀನ್’ ಎಂದು ಹೆಸರಿಟ್ಟ. ಚೀಟಿ ಕಿತ್ತರೆ ವಸ್ತು ಶುಭ್ರವಾಗಿರುತ್ತದೆ ಎನ್ನುವುದೇ ಹೆಸರಿನ ಅರ್ಥ. ಇಂದಿನ ಸ್ಟಿಕ್ಕರುಗಳ ವಂಶ ಅಲ್ಲಿಂದ ಬೆಳೆಯಿತು.

ಹಾಗಾದರೆ ಹತ್ತು ವರ್ಷ ಅಟ್ಟದ ಮೇಲಿದ್ದ ಗಿಟಾರಿನಿಂದ ಸ್ಟಿಕ್ಕರ್ ಕಿತ್ತಾಗ ಕೈಗೆ ಹತ್ತುವ ಆ ಜಿಗುಟು ಎಲ್ಲಿಂದ ಬಂತು? ಮಾತು ಸುಳ್ಳಾಗಿರಲಿಲ್ಲ, ಅದಕ್ಕೆ ಅವಧಿ ಇತ್ತು. ಮಾಸ್ಕಿಂಗ್ ಟೇಪು ಬಣ್ಣ ಒಣಗುವವರೆಗೆ ಇರಬೇಕಾದದ್ದು, ಬೆಲೆಚೀಟಿ ವಸ್ತು ಮಾರಾಟವಾಗುವವರೆಗೆ. ಅವಧಿ ಮೀರಿ ಉಳಿದ ಅಂಟಿನ ಗುಣ ಬೇರೆ. ಅದನ್ನು ತೆಗೆಯಲು ಹೋಗಿ ಗಿಟಾರಿನ ಪ್ಲಾಸ್ಟಿಕ್ಕನ್ನೇ ಕರಗಿಸಿಕೊಂಡವರ ಸಂಖ್ಯೆ ಸಣ್ಣದಲ್ಲ. ಹಾಗೆ ಆಗುವುದೇಕೆ ಎಂದು ತಿಳಿಯಲು ಎರಡು ಚರಿತ್ರೆ ನೋಡಬೇಕು, ಮೇಲಿರುವ ಅಂಟಿನದು ಮತ್ತು ಕೆಳಗಿರುವ ಪ್ಲಾಸ್ಟಿಕ್ಕಿನದು.

ಒಣಗದ ಅಂಟು

ಗೋಂದು, ಮೈದಾ ಅಂಟು, ಫೆವಿಕಾಲ್ ಇವೆಲ್ಲ ಒಣಗಿ ಹಿಡಿಯುತ್ತವೆ. ಟೇಪಿನ ಅಂಟು ಒಣಗುವುದೇ ಇಲ್ಲ. ಅದು ಅರ್ಧ ಘನ, ಅರ್ಧ ದ್ರವ. ಬೆರಳಿನಿಂದ ಒತ್ತಿದಾಗ ದ್ರವದಂತೆ ಹರಿದು ಮೇಲ್ಮೈಯ ಸಣ್ಣ ಏರುತಗ್ಗುಗಳನ್ನು ತುಂಬುತ್ತದೆ, ಎಳೆದಾಗ ಘನದಂತೆ ತಡೆಯುತ್ತದೆ. 1930ರಲ್ಲಿ ಡ್ರೂ ತಂದ ಪಾರದರ್ಶಕ ಸೆಲೊಫೇನ್ ಟೇಪಿನಲ್ಲಿದ್ದದ್ದು ರಬ್ಬರು ಮತ್ತು ರಾಳದ ಅಂಟು. ಅಂದರೆ ಮೂಲದಲ್ಲಿ ಅದು ಮರದ ಹಾಲು.

ಮರದ ಹಾಲಿನ ಅಂಟು ಹೇಗಿರುತ್ತದೆ ಎಂದು ಹಲಸಿನ ಹಣ್ಣು ಬಿಡಿಸಿದ ಯಾರಿಗೂ ಹೇಳಬೇಕಿಲ್ಲ. ಕೈಗೂ ಕತ್ತಿಗೂ ಕೊಬ್ಬರಿ ಎಣ್ಣೆ ಸವರದೆ ಹಲಸಿಗೆ ಕೈಹಾಕುವವರಿಲ್ಲ. ನೀರು, ಸೋಪು ಹಾಕಿ ಎಷ್ಟು ತಿಕ್ಕಿದರೂ ಹೋಗದ ಅಂಟು ಒಂದು ಹನಿ ಎಣ್ಣೆಗೆ ಸಡಿಲವಾಗುತ್ತದೆ. ಹಲಸಿನ ಅಂಟು ನೀರಿನ ಜಾತಿಯದಲ್ಲ, ಎಣ್ಣೆಯ ಜಾತಿಯದು. ಟೇಪಿನ ರಬ್ಬರಂಟಿಗೂ ಇದೇ ಮಾತು ಸಲ್ಲುತ್ತದೆ. ತನ್ನ ಜಾತಿಯದರಲ್ಲಿ ಮಾತ್ರ ಕರಗುವುದು ರಸಾಯನಶಾಸ್ತ್ರದ ಹಳೆಯ ನಿಯಮ.

ಕಾಲ ಸರಿದಂತೆ ರಬ್ಬರಂಟಿನ ಮೇಲೆ ಗಾಳಿಯ ಆಮ್ಲಜನಕ ಕೆಲಸ ಮಾಡುತ್ತದೆ. ಮೊದಲ ಹಂತದಲ್ಲಿ ಅಂಟು ಇನ್ನಷ್ಟು ಮೆತ್ತಗಾಗಿ ಅಂಚಿನಿಂದ ಹೊರಕ್ಕೆ ಜಿನುಗುತ್ತದೆ. ಚೆನ್ನೈ ಅಥವಾ ನಾಗಪುರದ ಬೇಸಿಗೆಯಲ್ಲಿ ಇದು ಬೇಗ ಆಗುತ್ತದೆ. ಆಮೇಲಿನ ಹಂತದಲ್ಲಿ ಹಳದಿಯಾಗಿ, ಗಟ್ಟಿಯಾಗಿ, ಒಣ ಹೊಪ್ಪಳೆಯಂತಾಗುತ್ತದೆ. ಎರಡೂ ಹಂತಗಳಲ್ಲಿ ಮೇಲಿನ ಕಾಗದದ ಜೊತೆಗಿನ ಅದರ ನಂಟು ಕಳಚಿ, ಕೆಳಗಿನ ವಸ್ತುವಿನ ಜೊತೆಗಿನ ನಂಟು ಉಳಿಯುತ್ತದೆ. ಹಾಗಾಗಿ ಕಿತ್ತಾಗ ಕಾಗದ ಬರುತ್ತದೆ, ಅಂಟು ಅಲ್ಲೇ ಕೂರುತ್ತದೆ.

ಇದರ ಬೆಲೆ ಎಷ್ಟಿರಬಹುದು ಎಂಬುದಕ್ಕೆ ಗಿಟಾರಿನ ಲೋಕದ ಹೊರಗಿನ ಒಂದು ಉದಾಹರಣೆ ಸಾಕು. 1947ರಿಂದ ಮುಂದಕ್ಕೆ ಮೃತ ಸಮುದ್ರದ ಬಳಿಯ ಗುಹೆಗಳಲ್ಲಿ ಸಿಕ್ಕ, ಎರಡು ಸಾವಿರ ವರ್ಷ ಹಿಂದಿನ ಚರ್ಮದ ಸುರುಳಿಗಳ ಚೂರುಗಳನ್ನು 1950ರ ದಶಕದ ವಿದ್ವಾಂಸರು ಪಾರದರ್ಶಕ ಟೇಪಿನಿಂದಲೇ ಜೋಡಿಸಿದರು. ಆಗ ಅದು ಆಧುನಿಕ, ಶುಭ್ರ ವಿಧಾನವೆನಿಸಿತ್ತು. ಅಂಟು ಚರ್ಮದೊಳಕ್ಕೆ ಇಳಿದು ಅದನ್ನು ಕಪ್ಪಾಗಿಸಿತು. ಇಸ್ರೇಲಿನ ಪುರಾತತ್ವ ಇಲಾಖೆ 1991ರಲ್ಲಿ ಇದಕ್ಕಾಗಿಯೇ ಪ್ರಯೋಗಾಲಯ ತೆರೆಯಬೇಕಾಯಿತು. ಅಂಟಿಸಲು ಹಿಡಿದದ್ದು ಕೆಲವು ವರ್ಷ, ಬಿಡಿಸಲು ದಶಕಗಳೇ ಬೇಕಾದವು.

ಕರ್ಪೂರದ ಫಲಕ

ಇನ್ನು ಅಂಟಿನ ಕೆಳಗಿರುವುದರ ಕಥೆ. ಗಿಟಾರಿನ ಮೈಮೇಲೆ, ತಂತಿ ಮೀಟುವ ಕಡೆ, ಮರಕ್ಕೆ ಗೀರು ಬೀಳದಂತೆ ಹಾಕುವ ತೆಳು ಫಲಕಕ್ಕೆ ಪಿಕ್‌ಗಾರ್ಡ್ ಎನ್ನುತ್ತಾರೆ. ಜನ ಸ್ಟಿಕ್ಕರ್ ಅಂಟಿಸುವುದು ಹೆಚ್ಚಾಗಿ ಇದರ ಮೇಲೆಯೇ. ಹಳದಿ, ಕಂದು, ಕಪ್ಪು ಬಣ್ಣಗಳು ಮೋಡದಂತೆ ಬೆರೆತ ಪಿಕ್‌ಗಾರ್ಡುಗಳನ್ನು ಇಂದಿಗೂ ‘ಟಾರ್ಟಾಯ್ಸ್’ ಎಂದು ಕರೆಯುವುದುಂಟು. ಹಾಕ್ಸ್‌ಬಿಲ್ ಎಂಬ ಕಡಲಾಮೆಯ ಚಿಪ್ಪಿನಿಂದ ಬಾಚಣಿಗೆ, ಕನ್ನಡಕದ ಚೌಕಟ್ಟು, ಮ್ಯಾಂಡೊಲಿನ್‌ಗಳ ಅಲಂಕಾರ, ತಂತಿ ಮೀಟುವ ಪ್ಲೆಕ್ಟ್ರಮ್ ಮಾಡುತ್ತಿದ್ದ ಕಾಲದ ನೆನಪು ಆ ಹೆಸರಿನಲ್ಲಿದೆ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಈ ಆಮೆಗೆ ರಕ್ಷಣೆ ಕೊಟ್ಟಿತು. 1970ರ ದಶಕದಲ್ಲೇ ಚಿಪ್ಪಿನ ಅಂತಾರಾಷ್ಟ್ರೀಯ ವ್ಯಾಪಾರಕ್ಕೂ ನಿಷೇಧ ಬಂತು. ಆದರೆ ಗಿಟಾರ್ ತಯಾರಕರು ಚಿಪ್ಪಿನ ನಕಲಿಗೆ ತಿರುಗಿದ್ದು ಅದಕ್ಕೂ ಬಹಳ ಮೊದಲು. ಆ ನಕಲಿನ ಹೆಸರು ಸೆಲ್ಯುಲಾಯ್ಡ್.

1860ರ ದಶಕದಲ್ಲಿ ಬಿಲಿಯರ್ಡ್ಸ್ ಚೆಂಡಿಗೆ ದಂತದ ಬದಲು ಏನಾದರೂ ಬೇಕೆಂದು ನ್ಯೂಯಾರ್ಕಿನ ತಯಾರಕರು ಹುಡುಕುತ್ತಿದ್ದರು. ಆ ಹುಡುಕಾಟಕ್ಕಿಳಿದ ಜಾನ್ ವೆಸ್ಲಿ ಹ್ಯಾಟ್ ಎಂಬ ಮುದ್ರಣಗಾರ, ನೈಟ್ರೋಸೆಲ್ಯುಲೋಸಿಗೆ ಕರ್ಪೂರ ಬೆರೆಸಿ, ಆಲ್ಕೋಹಾಲ್ ಸೇರಿಸಿ, ಬಿಸಿ ಮತ್ತು ಒತ್ತಡ ಕೊಟ್ಟು ನಾದುವ ವಿಧಾನವನ್ನು 1870ರ ಹೊತ್ತಿಗೆ ಕಂಡುಕೊಂಡ. ನೈಟ್ರೋಸೆಲ್ಯುಲೋಸ್ ಎಂದರೆ ಹತ್ತಿಯನ್ನು ನೈಟ್ರಿಕ್ ಆಮ್ಲದಲ್ಲಿ ಪರಿವರ್ತಿಸಿದ ವಸ್ತು. ಕೋವಿಮದ್ದಿನ ನಂಟಸ್ತಿಕೆ ಅದಕ್ಕಿದೆ. ಅದನ್ನು ಮೆತ್ತಗಾಗಿಸಿ ಹಾಳೆಯಾಗಿಸುವುದು ಕರ್ಪೂರ. ಹಳೆಯ ಸೆಲ್ಯುಲಾಯ್ಡ್ ತುಂಡನ್ನು ಹೆಬ್ಬೆರಳಿನಿಂದ ಜೋರಾಗಿ ಉಜ್ಜಿ ಮೂಗಿನ ಬಳಿ ಹಿಡಿದರೆ ದೇವರ ಮನೆಯ ವಾಸನೆ ಬರುವುದು ಇದರಿಂದಲೇ.

ಕರ್ಪೂರದ ಗುಣ ನಮಗೆ ಗೊತ್ತಿದೆ. ಡಬ್ಬಿಯ ಮುಚ್ಚಳ ಸಡಿಲವಿದ್ದರೆ ಕೆಲವೇ ದಿನಗಳಲ್ಲಿ ಬಿಲ್ಲೆ ಸವೆದಿರುತ್ತದೆ. ಸೆಲ್ಯುಲಾಯ್ಡ್ ಫಲಕದೊಳಗಿನ ಕರ್ಪೂರವೂ ದಶಕಗಳ ಕಾಲ ನಿಧಾನವಾಗಿ ಹಾರಿಹೋಗುತ್ತದೆ, ಫಲಕ ಕುಗ್ಗುತ್ತದೆ. ಅಮೆರಿಕದ ಮಾರ್ಟಿನ್ ಕಂಪನಿ 1930ರ ದಶಕದಿಂದ ಹಲವು ದಶಕಗಳ ಕಾಲ ಪಿಕ್‌ಗಾರ್ಡನ್ನು ಮೆರುಗು ಹಚ್ಚದ ಬರಿಮರಕ್ಕೇ ಅಂಟಿಸಿ, ಆಮೇಲೆ ಮೆರುಗು ಹೊಡೆಯುತ್ತಿತ್ತು. ಅಂಟು ಬಿಡಲಿಲ್ಲ, ಫಲಕ ಕುಗ್ಗುವುದನ್ನೂ ಬಿಡಲಿಲ್ಲ. ಫಲಕದ ಎಳೆತಕ್ಕೆ ಸ್ಪ್ರೂಸ್ ಮರ ಅದರ ಅಂಚಿನುದ್ದಕ್ಕೂ ಸೀಳಿತು. ರಿಪೇರಿ ಮಾಡುವವರು ಈ ಬಿರುಕನ್ನು ಇಂದಿಗೂ ಆ ಕಂಪನಿಯ ಹೆಸರಿನಿಂದಲೇ ಗುರುತಿಸುತ್ತಾರೆ. ಬಿಡಬೇಕಾದಲ್ಲಿ ಬಿಡದ ಅಂಟು ಮಾಡುವ ಹಾನಿಗೆ ಇದು ಸಾಕ್ಷಿ.

ಸೆಲ್ಯುಲಾಯ್ಡಿನ ಮೇಲಿನ ಜಿಗುಟು ತೆಗೆಯುವವರಿಗೆ ಹ್ಯಾಟ್‌ನ ಪಾಕವೇ ಎಚ್ಚರಿಕೆ. ಅದು ಆಲ್ಕೋಹಾಲಿನ ಸಹಾಯದಿಂದ ಹುಟ್ಟಿದ್ದು, ಹಾಗಾಗಿ ಸ್ಪಿರಿಟ್ ಹಾಕಿ ತಿಕ್ಕಿದರೆ ಅದರ ಮೈ ಮೆತ್ತಗಾಗಬಹುದು. ನೇಲ್ ಪಾಲಿಶ್ ರಿಮೂವರಿನ ಅಸಿಟೋನ್ ಅದನ್ನು ನೇರವಾಗಿ ಕರಗಿಸುತ್ತದೆ. ‘ಅಸಿಟೋನ್ ಇಲ್ಲ’ ಎಂದು ಬರೆದ ಬಾಟಲಿಗಳಲ್ಲಿ ಸಾಮಾನ್ಯವಾಗಿ ಇರುವ ಈಥೈಲ್ ಅಸಿಟೇಟ್ ಕೂಡ ಅದೇ ಕೆಲಸ ಮಾಡುತ್ತದೆ. ಹೇರ್ ಡ್ರೈಯರಿನ ಜೋರು ಬಿಸಿಗೆ ಫಲಕ ಸೊಟ್ಟಗಾಗುತ್ತದೆ. ಬೆಂಕಿಯ ಮಾತಂತೂ ಬೇಡ, ಸೆಲ್ಯುಲಾಯ್ಡ್ ಅರಗಿನ ಮನೆಯ ಹಾಗೆ ಹೊತ್ತಿಕೊಳ್ಳುತ್ತದೆ.

ತಪ್ಪು ಹೆಸರಿನ ಗುಂಡಿಗಳು

1950ರ ದಶಕದಲ್ಲಿ ಎಲೆಕ್ಟ್ರಿಕ್ ಗಿಟಾರ್ ಜನಪ್ರಿಯವಾದಂತೆ ಅದರ ಮೈಮೇಲೆ ಒಂದೊಂದೇ ಹೊಸ ಪ್ಲಾಸ್ಟಿಕ್ ಬಂದು ಕೂತಿತು. ಫೆಂಡರ್ ಕಂಪನಿಯ ಮೊದಲ ಗಿಟಾರುಗಳಲ್ಲಿದ್ದ ಕಪ್ಪು ಫಲಕ ಒತ್ತಿ ಗಟ್ಟಿ ಮಾಡಿದ ನಾರಿನದು, ಮೇಲೆ ಮೆರುಗೆಣ್ಣೆ. 1954ರ ಸ್ಟ್ರಾಟೊಕ್ಯಾಸ್ಟರಿಗೆ ಬಿಳಿ ಪ್ಲಾಸ್ಟಿಕ್ ಫಲಕ ಬಂತು. 1959ರ ಹೊತ್ತಿಗೆ ಮೂರು ಪದರದ ಸೆಲ್ಯುಲಾಯ್ಡ್ ಬಂತು. ಅದು ಹುಟ್ಟುವಾಗ ಬಿಳಿ, ವಯಸ್ಸಾದಂತೆ ತಿಳಿಹಸಿರು. 1960ರ ದಶಕದ ನಡುವಿನಲ್ಲಿ ಸೆಲ್ಯುಲಾಯ್ಡ್ ಹೋಗಿ ವಿನೈಲ್ ಬಂತು. ಒಂದೇ ಮಾದರಿಯ, ನೋಡಲು ಒಂದೇ ತರಹದ ಗಿಟಾರುಗಳಲ್ಲಿ ಹತ್ತು ವರ್ಷಗಳ ಅಂತರದಲ್ಲಿ ಮೂರು ಬಗೆಯ ಫಲಕ.

ಇವುಗಳಲ್ಲಿ ಹೆಚ್ಚು ಮೋಸ ಮಾಡುವುದು ಒಂದು ಹೆಸರು. 1954ರ ಸ್ಟ್ರಾಟೊಕ್ಯಾಸ್ಟರಿನ ವಾಲ್ಯೂಮ್ ಗುಂಡಿಗಳು ಮತ್ತು ಪಿಕಪ್ ಮುಚ್ಚಳಗಳನ್ನು ಸಂಗ್ರಾಹಕರು ‘ಬೇಕಲೈಟ್’ ಎಂದು ಕರೆಯುತ್ತಾರೆ. ಅವು ಬೇಕಲೈಟ್ ಅಲ್ಲ, ಪಾಲಿಸ್ಟೈರೀನ್. ಇದು ಕೇವಲ ಹೆಸರಿನ ಜಗಳವಲ್ಲ. ಹಳೆಯ ಸ್ವಿಚ್ಚು, ರೇಡಿಯೊಗಳಲ್ಲಿದ್ದ ನಿಜವಾದ ಬೇಕಲೈಟ್ ಒಮ್ಮೆ ಗಟ್ಟಿಯಾದರೆ ಅಸಿಟೋನಿನಲ್ಲಿ ಕರಗದು. ಪಾಲಿಸ್ಟೈರೀನ್ ಅದೇ ಅಸಿಟೋನ್ ತಾಗಿದ ಕೂಡಲೇ ಅಂಟಂಟಾಗುತ್ತದೆ. ಹೆಸರು ನಂಬಿ ದ್ರಾವಕ ಆರಿಸಿಕೊಂಡರೆ ಎಪ್ಪತ್ತು ವರ್ಷ ಹಳೆಯ ಗುಂಡಿ ಅರೆನಿಮಿಷದಲ್ಲಿ ಹಾಳು.

ಪಾಲಿಸ್ಟೈರೀನಿನಿಂದ ಇಡೀ ಗಿಟಾರನ್ನೇ ಮಾಡಿದವನೂ ಒಬ್ಬನಿದ್ದ. ಇಟಲಿಯಲ್ಲಿ 1900ರಲ್ಲಿ ಹುಟ್ಟಿದ ಮಾರಿಯೊ ಮಕ್ಕಫೆರ್ರಿ ಗಿಟಾರ್ ವಾದಕನೂ ಹೌದು, ತಯಾರಕನೂ ಹೌದು. 1932ರಲ್ಲಿ ಪ್ಯಾರಿಸ್ಸಿನ ಸೆಲ್ಮರ್ ಕಂಪನಿಗಾಗಿ ಆತ ರೂಪಿಸಿದ ಗಿಟಾರ್, ಮುಂದೆ ಜಾಝ್ ವಾದಕ ಜಾಂಗೊ ರೈನಾರ್ಟ್ ಕೈಯಲ್ಲಿ ಪ್ರಸಿದ್ಧವಾಯಿತು. 1933ರಲ್ಲಿ ಕೈಗೆ ಪೆಟ್ಟಾಗಿ ಆತನ ಕಛೇರಿ ಜೀವನ ಮುಗಿಯಿತು. ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕಕ್ಕೆ ಹೋಗಿ ನೆಲೆಸಿ, ಪ್ಲಾಸ್ಟಿಕ್ಕಿನಲ್ಲಿ ಬಟ್ಟೆ ಒಣಗಿಸುವ ಕ್ಲಿಪ್ಪು ಮಾಡಿದ, 1949ರಲ್ಲಿ ಪ್ಲಾಸ್ಟಿಕ್ ಯುಕುಲೇಲೆ ಮಾಡಿದ. ಯುಕುಲೇಲೆ ಲಕ್ಷಗಟ್ಟಲೆ ಮಾರಾಟವಾಯಿತು. ಆ ಧೈರ್ಯದಲ್ಲಿ 1953ರಲ್ಲಿ ಡೌ ಕಂಪನಿಯ ಸ್ಟೈರಾನ್ ಎಂಬ ಪಾಲಿಸ್ಟೈರೀನಿನಿಂದ ದೊಡ್ಡ ಗಿಟಾರುಗಳನ್ನೇ ಮಾರುಕಟ್ಟೆಗೆ ತಂದ. ಆತನ ಮಟ್ಟಿಗೆ ಅದು ಆಟಿಕೆಯಲ್ಲ, ಗಂಭೀರ ವಾದ್ಯ. ಜನ ಅದನ್ನು ಆಟಿಕೆಯೆಂದೇ ಬಗೆದು ಕೊಳ್ಳಲಿಲ್ಲ. ಮಾರಾಟವಾಗದ ಗಿಟಾರುಗಳು ವರ್ಷಗಟ್ಟಲೆ ಗೋದಾಮಿನಲ್ಲಿ ಉಳಿದವು.

ಇಂದು ಆ ಗಿಟಾರುಗಳನ್ನು ಹುಡುಕಿ ಕೊಳ್ಳುವವರಿದ್ದಾರೆ. ಅಂಥ ವಾದ್ಯದ ಮೇಲೆ ಹಳೆಯ ಟೇಪಿನ ಜಿಗುಟು ಇದ್ದರೆ, ಬುದ್ಧಿವಂತ ಮನುಷ್ಯ ‘ರಾಸಾಯನಿಕ ಬೇಡ, ನೈಸರ್ಗಿಕವಾದದ್ದು ಸಾಕು’ ಎಂದು ಕಿತ್ತಳೆ ಎಣ್ಣೆಯ ಕ್ಲೀನರ್ ತರುತ್ತಾನೆ. ಕಿತ್ತಳೆ ಸಿಪ್ಪೆಯ ಎಣ್ಣೆಯಲ್ಲಿರುವ ಲಿಮೊನೀನ್ ರಬ್ಬರಂಟನ್ನು ಚೆನ್ನಾಗಿಯೇ ಕರಗಿಸುತ್ತದೆ. ಪಾಲಿಸ್ಟೈರೀನನ್ನೂ ಅಷ್ಟೇ ಚೆನ್ನಾಗಿ ಕರಗಿಸುತ್ತದೆ. ಥರ್ಮೊಕೋಲ್ ಕೂಡ ಪಾಲಿಸ್ಟೈರೀನೇ. ಅದರ ತುಂಡಿನ ಮೇಲೆ ಕಿತ್ತಳೆ ಎಣ್ಣೆ ಹನಿಸಿದರೆ ಗುಳಿ ಬೀಳುವುದನ್ನು ಯಾರು ಬೇಕಾದರೂ ನೋಡಬಹುದು. ನೈಸರ್ಗಿಕ ಎಂಬ ಮಾತು ಎಣ್ಣೆ ಎಲ್ಲಿಂದ ಬಂತೆಂದು ಹೇಳುತ್ತದೆ, ಅದು ಏನನ್ನು ಕರಗಿಸುತ್ತದೆಂದು ಹೇಳುವುದಿಲ್ಲ.

1969ರಲ್ಲಿ ಆಂಪೆಗ್ ಕಂಪನಿಗಾಗಿ ಡಾನ್ ಆರ್ಮ್‌ಸ್ಟ್ರಾಂಗ್ ರೂಪಿಸಿದ ಗಿಟಾರಿನ ಮೈ ಗಾಜಿನಂಥ ಅಕ್ರಿಲಿಕ್ಕಿನದು. ಅಕ್ರಿಲಿಕ್ಕಿನ ಶತ್ರು ಬೇರೆ. ಸ್ಪಿರಿಟ್ ತಾಗಿದರೆ, ಅದರಲ್ಲೂ ಸ್ಕ್ರೂ ಬಿಗಿದ ಜಾಗಗಳಲ್ಲಿ, ಒಳಗೆ ಕೂದಲೆಳೆಯಂಥ ಬಿರುಕುಗಳು ಏಳಬಹುದು. ಇತ್ತೀಚಿನ ಗಿಟಾರುಗಳ ಗುಂಡಿ, ಮುಚ್ಚಳಗಳು ಹೆಚ್ಚಾಗಿ ಎಬಿಎಸ್ ಪ್ಲಾಸ್ಟಿಕ್ಕಿನವು. ಅವು ಸ್ಪಿರಿಟ್ಟಿಗೆ ಸ್ವಲ್ಪ ಹೊತ್ತು ಜಗ್ಗುವುದಿಲ್ಲ, ಅಸಿಟೋನಿಗೂ ಥಿನ್ನರಿಗೂ ಕರಗುತ್ತವೆ.

ಲೈಟರಿನ ಎಣ್ಣೆ

ಇಷ್ಟೆಲ್ಲ ವೈರಿಗಳ ನಡುವೆ ವಾದ್ಯ ರಿಪೇರಿಯವರು ಯಾವುದನ್ನು ನಂಬಿದರು? ನಾಫ್ತಾ. ಸಿಗರೇಟ್ ಲೈಟರಿಗೆ ತುಂಬಲು ಸಣ್ಣ ಡಬ್ಬಿಗಳಲ್ಲಿ ಸಿಗುವ, ಕಚ್ಚಾ ತೈಲದಿಂದ ಬಟ್ಟಿಯಿಳಿಸಿದ ಹಗುರ ದ್ರವ. ಅದು ಎಣ್ಣೆಯ ಜಾತಿ. ಆದ್ದರಿಂದ ರಬ್ಬರಂಟು ಅದರಲ್ಲಿ ಸಡಿಲವಾಗುತ್ತದೆ. ಆದರೆ ಸೆಲ್ಯುಲಾಯ್ಡನ್ನು ಅದು ಕರಗಿಸದು, ನೈಟ್ರೋಸೆಲ್ಯುಲೋಸ್ ಮೆರುಗೆಣ್ಣೆಯನ್ನೂ ಕರಗಿಸದು.

ಈ ಎರಡನೆಯದು ಮುಖ್ಯ. ಪ್ಲಾಸ್ಟಿಕ್ಕಿಗೆ ಹಚ್ಚಿದ್ದು ಪಕ್ಕದ ಮರದ ಮೇಲೆ ಹರಿಯದೆ ಇರುವುದಿಲ್ಲ. 1923ರಲ್ಲಿ ಡುಪಾಂಟ್ ಕಂಪನಿ ಡ್ಯೂಕೊ ಎಂಬ ನೈಟ್ರೋಸೆಲ್ಯುಲೋಸ್ ಬಣ್ಣವನ್ನು ಕಾರುಗಳಿಗೆ ತಂದಿತು. ಕಾರುಗಳು ಬಣ್ಣಬಣ್ಣದವಾಗಲು, ಡ್ರೂ ನೋಡಿದ ಎರಡು ಬಣ್ಣದ ಫ್ಯಾಶನ್ ಬೆಳೆಯಲು ಅದೂ ಒಂದು ಕಾರಣ. ಅದೇ ಜಾತಿಯ ಬಣ್ಣಗಳು ಮುಂದೆ ಗಿಟಾರಿನ ಮೈಗೂ ಬಂದವು. 1970ರ ದಶಕದ ಕೊನೆಯಲ್ಲಿ ಎಡ್ಡಿ ವ್ಯಾನ್ ಹೇಲನ್ ತನ್ನ ಗಿಟಾರಿಗೆ ಟೇಪಿನ ಪಟ್ಟಿಗಳನ್ನು ಅಡ್ಡಾದಿಡ್ಡಿ ಅಂಟಿಸಿ, ಬಣ್ಣ ಎರಚಿ, ಟೇಪು ಕಿತ್ತು ಪಟ್ಟೆಗಳನ್ನು ಮೂಡಿಸಿದ್ದು, ಡ್ರೂ ಕೊಟ್ಟ ಮಾತು ಅಕ್ಷರಶಃ ನಡೆದ ಸಂದರ್ಭ. ಅಂಟಿಸಿದ, ಬಣ್ಣ ಹೊಡೆದ, ಕಿತ್ತ. ಅವಧಿ ಮೀರಲಿಲ್ಲ.

ಕೆಲವು ಕ್ಲಾಸಿಕಲ್ ಗಿಟಾರುಗಳ ಮರಕ್ಕೆ ಹಚ್ಚುವುದು ಅರಗಿನ ಮೆರುಗು. ಚನ್ನಪಟ್ಟಣದ ಗೊಂಬೆಗಳಿಗೆ ಹೊಳಪು ಕೊಡುವ ಅದೇ ಅರಗು, ಬಹುಪಾಲು ಭಾರತದ ಕಾಡುಗಳಲ್ಲೇ ಮುತ್ತುಗದಂಥ ಮರಗಳ ಮೇಲಿನ ಹುಳುಗಳಿಂದ ಬರುವಂಥದ್ದು, ಶೆಲ್ಲಾಕ್ ಎಂಬ ಹೆಸರಿನಲ್ಲಿ ಸ್ಪೇನಿನ ಕುಶಲಕರ್ಮಿಗಳ ಕೈಸೇರುತ್ತದೆ. ಶೆಲ್ಲಾಕನ್ನು ಸ್ಪಿರಿಟ್ಟಿನಲ್ಲಿ ಕರಗಿಸಿಯೇ ಹಚ್ಚುವುದರಿಂದ ಅದಕ್ಕೆ ಸ್ಪಿರಿಟ್ ಮತ್ತೆ ತಾಗಿದರೆ ಮೆರುಗು ಎದ್ದುಬರುತ್ತದೆ. ಕೊರೊನಾ ಕಾಲದಿಂದ ಪ್ರತಿ ಮನೆಯಲ್ಲೂ ಇರುವ ಸ್ಯಾನಿಟೈಸರ್ ಇಂಥ ವಾದ್ಯದ ಹತ್ತಿರ ಸುಳಿಯಬಾರದು.

ಕೆಲಸದ ಕ್ರಮ

ಈ ಚರಿತ್ರೆಯಿಂದ ಕೆಲಸದ ಕ್ರಮ ತಾನಾಗಿ ಹೊರಡುತ್ತದೆ. ಬಿಚ್ಚಲು ಬರುವ ಭಾಗವಾದರೆ ಮೊದಲು ಗಿಟಾರಿನಿಂದ ಬೇರ್ಪಡಿಸುವುದು. ಆಮೇಲೆ ಅದು ಯಾವ ಪ್ಲಾಸ್ಟಿಕ್ ಎಂದು ತಿಳಿಯುವುದು. ಗಿಟಾರ್ ಯಾವ ವರ್ಷದ್ದು, ಉಜ್ಜಿದರೆ ಕರ್ಪೂರದ ವಾಸನೆ ಬರುತ್ತದೆಯೇ, ಅಂಚಿನಲ್ಲಿ ಪದರಗಳಿವೆಯೇ ಎಂದು ನೋಡುವುದು. ಬೆಂಕಿ ತಾಗಿಸಿ ಪರೀಕ್ಷಿಸುವ ಪದ್ಧತಿ ಇಲ್ಲಿ ಸಲ್ಲದು.

ಮೊದಲ ಹತಾರ ಬೆರಳು. ಅಂಗೈಯ ಬಿಸಿಗೆ ಮೆತ್ತಗಾದ ಜಿಗುಟನ್ನು ಹೆಬ್ಬೆರಳಿನಿಂದ ಉರುಳಿಸಿದರೆ ಬಹುಪಾಲು ಸಣ್ಣ ಉಂಡೆಗಳಾಗಿ ಏಳುತ್ತದೆ. ಎರಡನೆಯದು ಹೊಸ ಟೇಪು. ಮುಳ್ಳನ್ನು ಮುಳ್ಳಿನಿಂದ ತೆಗೆದಂತೆ, ಅಂಟುವ ಬದಿಯಿಂದ ಒತ್ತಿ ಒತ್ತಿ ಎತ್ತಿದರೆ ಹಳೆಯ ಅಂಟು ಹೊಸ ಅಂಟಿಗೆ ಹತ್ತಿ ಬರುತ್ತದೆ. ಮೂರನೆಯದು ಉಗುರುಬೆಚ್ಚಗಿನ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು. ಪಾಲಿಸ್ಟೈರೀನ್ ಎಂದು ಅನುಮಾನವಿದ್ದರೆ ಇಲ್ಲಿಗೇ ನಿಲ್ಲಿಸಬೇಕು. ಅಡುಗೆ ಎಣ್ಣೆ, ಲೈಟರ್ ಎಣ್ಣೆ ಕೂಡ ಅದರಲ್ಲಿ ಬಿರುಕು ತರಬಲ್ಲವು.

ಉಳಿದ ಪ್ಲಾಸ್ಟಿಕ್ಕುಗಳಿಗೆ ಕೊಬ್ಬರಿ ಎಣ್ಣೆಯ ಒಂದು ಹನಿ, ಐದು ನಿಮಿಷ ಬಿಟ್ಟು ಒರೆಸಿ ಸೋಪುನೀರಿನಲ್ಲಿ ತೊಳೆಯುವುದು. ಅದಕ್ಕೂ ಬಗ್ಗದ ಹಳೆಯ ಜಿಗುಟಿಗೆ ಲೈಟರ್ ಎಣ್ಣೆ. ಕಣ್ಣಿಗೆ ಕಾಣದ ಹಿಂಬದಿಯಲ್ಲಿ ಒಂದು ಚುಕ್ಕೆ ಹಚ್ಚಿ ನೋಡಿ, ಬಣ್ಣ ಬಟ್ಟೆಗೆ ಹತ್ತದಿದ್ದರೆ, ಹೊಳಪು ಮಂಕಾಗದಿದ್ದರೆ ಮುಂದುವರಿಯಬಹುದು. ಹಚ್ಚಬೇಕಾದದ್ದು ಬಟ್ಟೆಗೆ, ಫಲಕದ ಮೇಲೆ ಸುರಿಯಬಾರದು. ಕಿಟಕಿ ತೆರೆದಿರಬೇಕು, ಸುತ್ತ ಬೆಂಕಿಯಾಗಲಿ ದೇವರ ದೀಪವಾಗಲಿ ಇರಬಾರದು. ಬ್ಲೇಡು, ಪಾತ್ರೆ ಉಜ್ಜುವ ನಾರು, ಪೆಟ್ರೋಲು, ಥಿನ್ನರು, ಅಸಿಟೋನು ಈ ಕೆಲಸಕ್ಕೆ ಯಾವ ಹಂತದಲ್ಲೂ ಬೇಡ.

ಎಲ್ಲ ಜಿಗುಟನ್ನೂ ತೆಗೆಯಲೇಬೇಕೆಂದೇನೂ ಇಲ್ಲ. ಅಂಟು ಫಲಕದ ಬಣ್ಣವನ್ನೇ ಬದಲಿಸಿದ್ದರೆ, ಸ್ಟಿಕ್ಕರಿನ ನೆರಳು ಬಿಸಿಲಿನಿಂದ ಮೂಡಿದ್ದರೆ, ಅದು ಯಾವ ದ್ರಾವಕಕ್ಕೂ ಹೋಗದು. ಆಗ ಉಜ್ಜುತ್ತ ಹೋದವರು ಫಲಕವನ್ನೇ ಸವೆಸುತ್ತಾರೆ. ಆ ಹಂತದಲ್ಲಿ ಬಟ್ಟೆ ಕೆಳಗಿಟ್ಟು ಫಲಕವನ್ನು ಮತ್ತೆ ಸ್ಕ್ರೂ ಹಾಕಿ ಕೂರಿಸುವುದೇ ಸರಿಯಾದ ಕೆಲಸ. ಹೊಸ ಗಿಟಾರ್ ಕೊಂಡವರು ಮಾಡಬೇಕಾದದ್ದು ಇನ್ನೂ ಸುಲಭ. ಪಿಕ್‌ಗಾರ್ಡಿನ ಮೇಲೆ ಅಂಗಡಿಯಿಂದಲೇ ಬರುವ ಪಾರದರ್ಶಕ ಹಾಳೆಯನ್ನು ‘ಇರಲಿ, ಗೀರು ಬೀಳದಿರಲಿ’ ಎಂದು ಬಿಡದೆ, ಮೊದಲ ವಾರದಲ್ಲೇ ಕಿತ್ತು ಎಸೆಯುವುದು. ಆಗ ಅದು ಕಲೆಯಿಲ್ಲದೆ ಬರುತ್ತದೆ.